ರಘು ದೀಕ್ಷಿತರ ಹಾಡಿನಲ್ಲಿ ಮಾತು ಮತ್ತು ಧಾತು

ಹಾಡು ಕಟ್ಟುವವನಿಗೆ ಈ ದೇಶದ ಸಂಗೀತಶಾಸ್ತ್ರವು ಕೊಟ್ಟಿರುವ ಹೆಸರು ವಾಗ್ಗೇಯಕಾರ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡಿನ ಪದಭಾಗವನ್ನು ಮಾತು ಎಂದೂ ಸ್ವರಭಾಗವನ್ನು ಧಾತು ಎಂದೂ ಕರೆದು, ಎರಡನ್ನೂ ತಾನೇ ರಚಿಸಬಲ್ಲವನು ವಾಗ್ಗೇಯಕಾರನೆಂದು ಲಕ್ಷಣ ಹೇಳಿದ್ದಾನೆ. ಅಷ್ಟಕ್ಕೇ ನಿಲ್ಲದೆ ತಾರತಮ್ಯವನ್ನೂ ಮಾಡಿದ್ದಾನೆ. ಧಾತುವಿನಲ್ಲಿ ಸಮರ್ಥನಾಗಿದ್ದು ಮಾತಿನಲ್ಲಿ ಮಂದನಾದವನು ಮಧ್ಯಮನು. ಮಾತು ಎಷ್ಟು ರಮ್ಯವಾಗಿದ್ದರೂ ಧಾತು ಮಂದವಾಗಿದ್ದರೆ ಅಂಥವನು ಅಧಮನು. ಇನ್ನೊಬ್ಬನ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ಕುಟ್ಟಿಕಾರನೆಂದು ಬೇರೆಯೇ ಒಂದು ಹೆಸರು. ಕವಿಗಳಿಗೆ ಈ ತೀರ್ಪು ಹಿತವಾಗದಿರಬಹುದು. ಆದರೆ ತೀರ್ಪು ಕೊಟ್ಟವನು ಸಂಗೀತಗಾರನೆಂಬುದನ್ನು ಮರೆಯಬಾರದು. ಆ ಸಂಸ್ಕೃತದ ಮಾತಿಗೂ ಕನ್ನಡದ ಮಾತಿಗೂ ನಂಟು ಉಂಟೆ ಇಲ್ಲವೆ ಎಂಬ ವಿಚಾರವನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣವಾಗಲಿ. ಕನ್ನಡಿಗನ ಕಿವಿಗಂತೂ ಈ ಪರಿಭಾಷೆ ತನ್ನ ಮನೆಯದೇ ಎನ್ನುವಷ್ಟು ಅನುಕೂಲವಾಗಿದೆ.

ಈ ಹಳೆಯ ತಕ್ಕಡಿಯನ್ನು ಹೊರತೆಗೆಯುವುದಕ್ಕೆ ಕಾರಣವುಂಟು. ಕಳೆದ ಒಂದು ನೂರು ವರ್ಷಗಳಲ್ಲಿ ಕನ್ನಡದ ಹಾಡಿನಲ್ಲಿ ಮಾತಿನ ಒಡೆಯನೂ ಧಾತುವಿನ ಒಡೆಯನೂ ಬೇರೆ ಬೇರೆಯಾಗಿ, ಅವೆರಡನ್ನೂ ಕಂಠಕ್ಕೆ ತರುವ ಗಾಯಕನು ಮೂರನೆಯವನಾದನು. ಈ ಒಡಕಿನ ಚರಿತ್ರೆಯಲ್ಲಿ ತುಮಕೂರು ಜಿಲ್ಲೆಗೆ ಸಣ್ಣ ಪಾಲೇನೂ ಇಲ್ಲ. ಗುಬ್ಬಿಯ ಕಡೆಯಿಂದ ತಿಪಟೂರಿಗೆ ರೈಲಿನಲ್ಲಿ ಹೋಗುವವರು ಅಮ್ಮಸಂದ್ರಕ್ಕೆ ಮುಂಚೆ ‘ಸಂಪಿಗೆ ರಸ್ತೆ’ ಎಂಬ ನಿಲ್ದಾಣವನ್ನು ದಾಟುವರು. ಆ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಸಣ್ಣ ಪುಸ್ತಕದ ಮೂಲಕ ಕನ್ನಡಕ್ಕೆ ಭಾವಗೀತೆಯ ಹೊಸ ಅಚ್ಚನ್ನು ತಂದರು. ಗೀತವೆಂದು ಹೆಸರಿಟ್ಟರೂ ಅದು ಓದುವ ಕವಿತೆ. ಛಂದಸ್ಸಿನ ಲಯವನ್ನು ಕವಿಯು ಕೊಟ್ಟನೇ ಹೊರತು ರಾಗವನ್ನು ಕೊಡಲಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ ‘ಒಲುಮೆ’ಯೂ ಅದೇ ಹಾದಿಯದು. ಇತ್ತ ಇದೇ ಜಿಲ್ಲೆಯ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪೆನಿಯ ನಾಟಕಗಳಿಗೆ ಹಾಡು ಬರೆದು ಪಳಗಿ, 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ಕ್ಕೂ ಹಾಡು ಬರೆದು, ಕನ್ನಡ ವಾಕ್ಚಿತ್ರದ ಮೊದಲ ಗೀತಕಾರರಾದರು. ಕಂಪೆನಿ ನಾಟಕದಲ್ಲಿ ಮಟ್ಟು ಮೊದಲು, ಮಾತು ಆಮೇಲೆ. ಮರಾಠಿ, ಪಾರ್ಸಿ, ಹಿಂದೂಸ್ಥಾನಿ ಮಟ್ಟುಗಳ ಅಳತೆಗೆ ಕನ್ನಡದ ಪದಗಳನ್ನು ಕತ್ತರಿಸಿ ಹೊಲಿಯಬೇಕು. ಶಾರ್ಙ್ಗದೇವನು ಕುಟ್ಟಿಕಾರನೆಂದುದು ಈ ಕಸುಬುದಾರನನ್ನೇ. ಸಿನಿಮಾ ಅದೇ ಪದ್ಧತಿಯನ್ನು ಮುಂದುವರಿಸಿತು. ಇಂದಿಗೂ ಬಹುಪಾಲು ಹಾಗೆಯೇ ನಡೆದಿದೆ.

ಹೀಗೆ ಒಂದು ಕಡೆ ರಾಗವಿಲ್ಲದ ಕವಿತೆ, ಇನ್ನೊಂದು ಕಡೆ ರಾಗಕ್ಕೆ ತೊಡಿಸಿದ ಪದ. ನಡುವಣ ಕಂದಕಕ್ಕೆ ಸೇತುವೆ ಕಟ್ಟಿದವರು ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಗಳು, ಸಿ. ಅಶ್ವತ್ಥರು ಮೊದಲಾದ ಸುಗಮಸಂಗೀತದ ಹಿರಿಯರು. ಅವರ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಮೆಯೇ. ಆದರೆ ಸೇತುವೆ ಎಷ್ಟು ಸುಂದರವಾಗಿದ್ದರೂ ಕೆಳಗಿನ ಕಂದಕವು ಇಲ್ಲವೆಂದಾಗುವುದಿಲ್ಲ. ವಂಗದೇಶದಲ್ಲಿ ರವೀಂದ್ರನಾಥರು ಎರಡು ಸಾವಿರಕ್ಕೂ ಮಿಕ್ಕ ಹಾಡುಗಳಿಗೆ ಮಾತನ್ನೂ ಧಾತುವನ್ನೂ ತಾವೇ ಕೊಟ್ಟುಹೋದರು. ಆದುದರಿಂದ ಅಲ್ಲಿ ಕವಿಯ ಹಾಡೆಂದರೆ ಕವಿಯ ರಾಗವೂ ಹೌದು. ಕನ್ನಡದಲ್ಲಿ ಬೇಂದ್ರೆಯವರ ಪದ್ಯಗಳಲ್ಲಿ ರಾಗವು ಒಳಗೇ ಹುದುಗಿ ಕುಳಿತಿದ್ದರೂ ಅದನ್ನು ಹೊರಗೆ ತಂದವರು ಅನ್ಯರು. ಕುವೆಂಪು, ನರಸಿಂಹಸ್ವಾಮಿ, ಶಿವರುದ್ರಪ್ಪ ಇವರ ಗೀತೆಗಳ ಗತಿಯೂ ಇದೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆಧುನಿಕ ಕನ್ನಡದಲ್ಲಿ ಹಾಡು ಕಟ್ಟಿದವರ ಅನ್ನವು ಹಾಡಿನಿಂದ ಬಂದುದು ಅಪೂರ್ವ. ಶ್ರೀಕಂಠಯ್ಯನವರು ಅಧ್ಯಾಪಕರು. 1978ರಲ್ಲಿ ಅನಂತಸ್ವಾಮಿಗಳ ರಾಗದಲ್ಲಿ ಧ್ವನಿಸುರುಳಿಯಾಗಿ ಮನೆಮನೆಗೆ ಹೋದ ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರು. ತುರುವೇಕೆರೆಗೆ ನೆರೆಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಅಶ್ವತ್ಥರು ಬೆಂಗಳೂರಿನ ಟೆಲಿಫೋನು ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನೌಕರರಾಗಿದ್ದರು. ತಿಂಗಳ ಸಂಬಳವು ಅವರಿಗೆ ಒಂದು ಬಗೆಯ ಸ್ವಾತಂತ್ರ್ಯವನ್ನು ಕೊಟ್ಟಿತೆಂಬುದು ನಿಜ. ಯಾರ ಮರ್ಜಿಗೂ ಹಾಡಬೇಕಾಗಿರಲಿಲ್ಲ. ಆದರೆ ಹಾಡು ಸಂಜೆಯ ಕೆಲಸವಾಯಿತು. ಹಾಡನ್ನೇ ನಂಬಿ, ಸಿನಿಮಾದ ಆಸರೆಯನ್ನೂ ಕಂಪೆನಿಯ ಮುಂಗಡವನ್ನೂ ಬಯಸದೆ, ತನ್ನ ಧಾತುವನ್ನು ತಾನೇ ಹೊತ್ತು ಊರೂರು ತಿರುಗುವ ಗಾಯಕನೊಬ್ಬನು ಈ ಶತಮಾನದಲ್ಲಿ ಕನ್ನಡಕ್ಕೆ ದೊರಕಬಹುದೆಂದು ಹೆಚ್ಚು ಜನ ಊಹಿಸಿರಲಾರರು. ಅಂಥವರಲ್ಲಿ ಎಲ್ಲರಿಗಿಂತ ಹೆಚ್ಚು ದೂರ ನಡೆದವರು ರಘು ದೀಕ್ಷಿತರು. ಆ ನಡಗೆಯ ಬೆಲೆಯೇನು, ಅದು ಎಲ್ಲಿ ತಡೆಯಿತು ಎಂಬುದು ವಿಚಾರಯೋಗ್ಯವಾದ ವಿಷಯ.

ದೀಕ್ಷಿತರು ಹುಟ್ಟಿದುದು 1974ರಲ್ಲಿ ನಾಸಿಕದಲ್ಲಿ, ಬೆಳೆದುದು ಮೈಸೂರಿನಲ್ಲಿ. ಮೊದಲು ಅಭ್ಯಾಸ ಮಾಡಿದುದು ಸಂಗೀತವನ್ನಲ್ಲ, ಭರತನಾಟ್ಯವನ್ನು. ಕಾಲೇಜಿನಲ್ಲಿ ಸಹಪಾಠಿಯೊಬ್ಬನು ನಾಟ್ಯವನ್ನು ಹಂಗಿಸಿ ಹೂಡಿದ ಪಂಥಕ್ಕಾಗಿ ಗಿಟಾರು ಹಿಡಿದರೆಂಬ ಕಥೆಯನ್ನು ಅವರೇ ಹಲವೆಡೆ ಹೇಳಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಶಾಸ್ತ್ರದ ಎಂ. ಎಸ್‌ಸಿ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದು, ಕೆಲಕಾಲ ಬೆಲ್ಜಿಯಂ ದೇಶದಲ್ಲಿ ಉದ್ಯೋಗದಲ್ಲಿದ್ದರು. ಬಳಿಕ ಅದನ್ನು ಬಿಟ್ಟು ಹಾಡಿಗೆ ನಿಂತರು. ಮೈಸೂರಿನಲ್ಲಿ ಕಟ್ಟಿದ ‘ಅಂತರಾಗ್ನಿ’ ಎಂಬ ತಂಡ ಒಡೆದುಹೋದ ಮೇಲೆ, ಬಂದವರು ಬರಲಿ ಹೋದವರು ಹೋಗಲಿ ಎಂಬ ಅರ್ಥ ಬರುವಂತೆ ತಮ್ಮ ಹೆಸರನ್ನೇ ಇಟ್ಟು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡವನ್ನು ಕಟ್ಟಿದರು.

ನಾಟ್ಯದಿಂದ ಸಂಗೀತಕ್ಕೆ ಬಂದುದು ಆಕಸ್ಮಿಕವಾಗಿರಬಹುದು, ಆದರೆ ಅದರ ಗುರುತು ಅವರ ಧಾತುವಿನಲ್ಲಿ ಉಳಿದಿದೆ. ವೇದಿಕೆಯ ಮೇಲೆ ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ನೇತುಹಾಕಿಕೊಂಡು ನಿಲ್ಲುವ ಅವರ ವೇಷವನ್ನು ಕೆಲವರು ಕೇವಲ ಆಕರ್ಷಣೆಯ ತಂತ್ರವೆಂದು ತಳ್ಳಿಹಾಕುವುದುಂಟು. ಅದು ಅವಿಚಾರದ ಮಾತು. ಶಾಸ್ತ್ರೀಯ ಗಾಯಕನು ತಾಳವನ್ನು ಕೈಯಲ್ಲಿ ಎಣಿಸುತ್ತಾನೆ. ನರ್ತಕನು ಕಾಲಿನಲ್ಲಿ ಇಳಿಸುತ್ತಾನೆ. ದೀಕ್ಷಿತರ ಹಾಡಿನ ಲಯವು ಕಾಲಿನಿಂದ ಹುಟ್ಟಿದ್ದು. ರಾಗವಿಸ್ತಾರದ ಸೂಕ್ಷ್ಮವನ್ನು ಅಲ್ಲಿ ಹುಡುಕಿ ನಿರಾಶರಾಗುವವರು ಹುಡುಕಬಾರದ ಕಡೆ ಹುಡುಕಿದವರು. ಗಂಟಲು ಅಗಲವಾದದ್ದು, ತಾರಸ್ಥಾಯಿಯಲ್ಲಿ ಸ್ವಲ್ಪ ಒರಟಾದದ್ದು. ಬಯಲಿನಲ್ಲಿ ಕೂಗಿ ಕರೆಯುವವನ ಗಂಟಲು.

ಹಲವು ವರ್ಷ ಧ್ವನಿಮುದ್ರಿಕೆಯ ಕಂಪೆನಿಗಳು ಅವರ ಹಾಡನ್ನು ಒಲ್ಲೆನೆಂದುವು. ಒಂದೇ ಸಂಪುಟದಲ್ಲಿ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಇದ್ದರೆ ಅದನ್ನು ಯಾವ ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದೆಂಬುದು ವರ್ತಕರ ಸಂಕಟ. ತೆಂಗಿನ ನಾಡಿನವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮರ ಹತ್ತಿ ಕಾಯಿ ಕೆಡವಿ, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಸುಲಿದು ಒಡೆದ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ದವನಿಗೆ ಅಲ್ಲಿಯ ದರದ ಮೇಲೆ ಎಷ್ಟು ಅಧಿಕಾರವುಂಟೋ, ಹಾಡು ಕಟ್ಟಿದವನಿಗೆ ಕಂಪೆನಿಯ ಬಾಗಿಲಲ್ಲಿ ಅಷ್ಟೇ ಅಧಿಕಾರ. ಕಡೆಗೆ ಮುಂಬಯಿಯ ಚಿತ್ರಸಂಗೀತಕಾರರಾದ ವಿಶಾಲ್ ಮತ್ತು ಶೇಖರ್ ಎಂಬ ಜೋಡಿಯವರು ಇವರ ಹಾಡು ಕೇಳಿ, ತಾವು ಹೊಸದಾಗಿ ತೆಗೆದ ಪ್ರಕಾಶನದಿಂದ 2008ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಸ್ವತಂತ್ರ ಗಾಯಕನ ಮೊದಲ ಬಾಗಿಲನ್ನು ತೆರೆದವರು ಸಿನಿಮಾದವರೇ ಎಂಬುದು ಈ ಕಥೆಯ ವಿನೋದಗಳಲ್ಲೊಂದು.

ಆ ಸಂಪುಟದಲ್ಲಿ ಎಂಟು ಹಾಡುಗಳು. ಕನ್ನಡದವು ಎರಡೇ, ಎರಡೂ ಶಿಶುನಾಳ ಷರೀಫರವು. ಐದು ವರ್ಷಗಳ ತರುವಾಯ, 2013ರಲ್ಲಿ ಬಂದ ‘ಜಗ್ ಚಂಗಾ’ ಎಂಬ ಎರಡನೆಯ ಸಂಪುಟದಲ್ಲಿಯೂ ಷರೀಫರು ಮರಳಿ ಬಂದರು: ಲೋಕದ ಕಾಳಜಿಯ ಪದ, ಕೋಡಗ–ಕೋಳಿಯ ಪದ. ಅಂದರೆ, ಕನ್ನಡದ ಹೊಸ ಹಾಡುಗಾರನೆಂದು ದೇಶಾಂತರಗಳಲ್ಲಿ ಹೆಸರಾದವನು ಹೊತ್ತುಕೊಂಡುಹೋದ ಕನ್ನಡ ಮಾತು, 1889ರಲ್ಲಿ ಕಾಲವಾದ ಮಹಾತ್ಮನೊಬ್ಬನದು. ಷರೀಫರು ಶಾರ್ಙ್ಗದೇವನ ಲಕ್ಷಣಕ್ಕೆ ಪೂರ್ಣವಾಗಿ ಒಪ್ಪುವ ವಾಗ್ಗೇಯಕಾರರು. ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ಬಿಟ್ಟವರು. ಯಾವ ಆಸ್ಥಾನದ ಋಣವನ್ನೂ ಹೊರದೆ ಹಾಡಿದವರು. ಆದರೆ ಅವರ ಧಾತು ಕಾಗದದ ಮೇಲೆ ನಿಂತಿಲ್ಲ. ಮಾತು ಭಜನೆಯವರ ಬಾಯಲ್ಲಿ ಉಳಿದು ಆಮೇಲೆ ಅಚ್ಚಿಗೆ ಬಂದಿತು. ಧಾತುವು ಊರಿಗೊಂದಾಗಿ ಹರಿದುಹೋಯಿತು. ಆದುದರಿಂದ ಷರೀಫರ ಪದಕ್ಕೆ ಹೊಸ ಧಾತು ಹಾಕುವುದು ಅಪಚಾರವಲ್ಲ. ಅಶ್ವತ್ಥರೂ ಅದನ್ನೇ ಮಾಡಿದರು. ಅವರ ರಾಗಗಳು ಧ್ವನಿಸುರುಳಿಗಳಲ್ಲಿಯೂ 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ಷರೀಫರ ಚಿತ್ರದಲ್ಲಿಯೂ ಎಷ್ಟು ಆಳವಾಗಿ ಬೇರೂರಿದುವೆಂದರೆ, ಅವೇ ಷರೀಫರ ಮೂಲ ಮಟ್ಟುಗಳೆಂದು ನಂಬಿರುವ ಮನೆಗಳು ಹಲವು. ಆ ನಂಬಿಕೆಯೆದುರು ಬೇರೊಂದು ಧಾತುವನ್ನು ಹಿಡಿದು ನಿಂತುದು ದೀಕ್ಷಿತರ ಮೊದಲ ಸಾಹಸ.

ಸೋರುವ ಮಾಳಿಗೆಯ ಪದವನ್ನೇ ತೆಗೆದುಕೊಳ್ಳಬಹುದು. ದೇಹವೆಂಬ ಮನೆ ಹಳೆಯದಾಗಿ ಮಳೆಗೆ ಸೋರುತ್ತಿದೆ. ತೊಲೆ ಮುರಿದಿದೆ, ಕೀಲು ಸಡಲಿದೆ. ಮೇಲೆ ಹತ್ತಿ ಸರಿಮಾಡುವವರಿಲ್ಲ. ಅಶ್ವತ್ಥರ ಗಂಟಲಿನಲ್ಲಿ ಈ ಪದವು ಒಂಟಿ ಮನುಷ್ಯನ ಕೊರಗು. ಮನೆಯ ಯಜಮಾನನು ಕತ್ತಲೆಯಲ್ಲಿ ಒಬ್ಬನೇ ಕುಳಿತು ಹನಿಯ ಸದ್ದನ್ನು ಎಣಿಸುತ್ತಿರುವನೆಂದು ತೋರುವುದು. ದೀಕ್ಷಿತರಲ್ಲಿ ಪಿಟೀಲು ಅಳುತ್ತದೆಯಾದರೂ ಅದರ ಕೆಳಗೆ ಗಿಟಾರು, ಚರ್ಮವಾದ್ಯಗಳು ನಡಗೆಯನ್ನು ಬಿಡುವುದಿಲ್ಲ. ಸೋರುವುದು ಒಬ್ಬನ ಮನೆಯಲ್ಲ, ಇಡೀ ಕೇರಿ. ಯಾವುದು ಷರೀಫರಿಗೆ ಹತ್ತಿರ? ಕೊರಗಿನ ಪಕ್ಷಕ್ಕೆ ಮೊದಲು ಮನಸ್ಸು ವಾಲುವುದು ಸಹಜ. ಆದರೆ ತತ್ತ್ವಪದವು ಹುಟ್ಟಿದುದೇ ಮೇಳದ ಬಾಯಿಗಾಗಿ ಎಂಬುದನ್ನು ನೆನೆದರೆ ತೂಕವು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ತುರುವೇಕೆರೆ, ತಿಪಟೂರುಗಳ ಕಡೆಯ ಭಜನೆಯ ಮನೆಯಲ್ಲಿ ಏಕತಾರಿ ಹಿಡಿದವನು ಚರಣವನ್ನು ಹೇಳಿದರೆ, ತಾಳ ದಮ್ಮಡಿಗಳವರು ಪಲ್ಲವಿಯನ್ನು ಎತ್ತಿಕೊಳ್ಳುವರು. ದುಃಖದ ಪದವೂ ಆ ಎತ್ತಿಕೊಳ್ಳುವಿಕೆಯಲ್ಲಿ ಒಂದು ಬಗೆಯ ಉತ್ಸಾಹವನ್ನು ಪಡೆಯುವುದು. ಸುಗಮಸಂಗೀತವು ಕೇಳುವವನನ್ನು ಕುರ್ಚಿಯಲ್ಲಿ ಕೂರಿಸಿತ್ತು. ದೀಕ್ಷಿತರು ಅವನನ್ನು ಎಬ್ಬಿಸಿ ಪಲ್ಲವಿಯನ್ನು ಅವನ ಬಾಯಿಗೆ ಕೊಟ್ಟರು. ಅವರ ಕಚೇರಿಗಳಲ್ಲಿ ಸಾವಿರಾರು ಜನ ಕುಣಿಯುತ್ತ ಹಾಡುವುದನ್ನು ಕಂಡು ಮೂಗು ಮುರಿಯುವ ರಸಿಕರು, ಅದು ಪಾಶ್ಚಾತ್ಯರ ಅನುಕರಣವೆಂದು ಹೇಳುವ ಮೊದಲು ತಮ್ಮ ಊರಿನ ಕಾರ್ತಿಕದ ಭಜನೆಯನ್ನೊಮ್ಮೆ ನೋಡಿಬರುವುದು ಒಳ್ಳೆಯದು.

ಗುಡುಗುಡಿಯ ಪದದಲ್ಲಿ ಅವರ ಧಾತು ಮಾತಿಗೆ ಅತ್ಯಂತ ನಿಕಟವಾಗಿದೆ. ಹುಕ್ಕವನ್ನು ದೇಹಕ್ಕೂ ಸಾಧನೆಗೂ ರೂಪಕವಾಗಿಸಿದ ಪದವದು. ನೀರಿನ ಗುಳುಗುಳು ಸದ್ದು ಆ ವಸ್ತುವಿನ ಹೆಸರಿನಲ್ಲಿಯೇ ಇದೆ. ಕಾಲಿನಿಂದ ಹುಟ್ಟಿದ ದೀಕ್ಷಿತರ ಲಯವು ಆ ಹೆಸರನ್ನು ಹಿಡಿದು ಪುಟನೆಗೆಯುವಾಗ, ಪದದ ಹಾಸ್ಯ ಕೆಡುವುದಿಲ್ಲ, ಹಾಸ್ಯದ ಹಿಂದಿರುವ ವೈರಾಗ್ಯವೂ ಮರೆಯಾಗುವುದಿಲ್ಲ. ಮೈಸೂರಿನಲ್ಲಿ ಬೆಳೆದ ನಾಲಗೆಯು ಧಾರವಾಡದ ಕಡೆಯ ನುಡಿಯನ್ನು ತಿದ್ದಿ ಶಿಷ್ಟ ಮಾಡಲು ಹೋಗದೆ, ಷರೀಫರ ‘ಮನಿ’ಯನ್ನು ಮನಿಯಾಗಿಯೇ, ‘ಮಾಳಿಗಿ’ಯನ್ನು ಮಾಳಿಗಿಯಾಗಿಯೇ ಉಳಿಸಿದುದಕ್ಕೂ ಪ್ರಶಂಸೆ ಸಲ್ಲಬೇಕು. ಲೋಕದ ಕಾಳಜಿಯ ಪದವೂ ಇಷ್ಟೇ ಸೊಗಸು. ಊರ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುವವನನ್ನು ಷರೀಫರು ಬೈಯುವುದಿಲ್ಲ, ನಗುತ್ತ ಹೆಗಲು ತಟ್ಟುತ್ತಾರೆ. ಆ ತಟ್ಟುವಿಕೆಯೇ ಇಲ್ಲಿ ತಾಳವಾಗಿದೆ.

ಕೋಡಗದ ಪದದ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಅದು ಬೆಡಗಿನ ಪದ. ಸಣ್ಣದು ದೊಡ್ಡದನ್ನು ನುಂಗುವ, ಜಡವು ಚೇತನವನ್ನು ನುಂಗುವ ವಿಪರೀತಗಳು ಒಂದರ ಮೇಲೊಂದು ಬಂದು, ಕೇಳುವವನು ನಕ್ಕು ಮೈಮರೆತಿರುವಾಗ, ಕಡೆಯಲ್ಲಿ ಗುರುವಿನ ಪಾದವು ಹಾಡುವವನನ್ನೇ ನುಂಗಿಬಿಡುವುದು. ಇಷ್ಟು ಹೊತ್ತು ಹಾಡಿದ ‘ನಾನು’ ಅಲ್ಲಿಗೆ ಇಲ್ಲವಾಯಿತು. ಪದದ ಜೀವವೆಲ್ಲ ಆ ಒಂದು ತಿರುವಿನಲ್ಲಿದೆ. ಮೊದಲಿನ ನುಂಗಾಟಗಳೆಲ್ಲ ಅದಕ್ಕೆ ಸಿದ್ಧತೆ. ವೇಗವೇ ಪ್ರಧಾನವಾದ ವೇದಿಕೆಯಲ್ಲಿ ಆ ಕೊನೆಯ ನುಂಗುವಿಕೆಯು ಹಿಂದಿನವುಗಳ ಸಾಲಿನಲ್ಲಿ ಇನ್ನೊಂದಾಗಿ ಹೋಗಿ, ಬೆಡಗು ಒಗಟಾಗದೆ ಬರಿಯ ಮಕ್ಕಳ ಹಾಡಾಗುವುದು. ಭಜನೆಯ ಹಿರಿಯರು ಆ ಚರಣಕ್ಕೆ ಬಂದಾಗ ತಾಳವನ್ನು ತಗ್ಗಿಸುವುದುಂಟು. ಇಲ್ಲಿ ಧಾತುವು ಮಾತಿಗಿಂತ ಬಲವಾಗಿ ಮಾತಿನ ಕೈಯನ್ನು ಎಳೆದುಕೊಂಡು ಓಡಿದೆ.

2010ರ ನವೆಂಬರಿನಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರು ನಡೆಸುವ ಸಂಗೀತ ಕಾರ್ಯಕ್ರಮಕ್ಕೆ ದೀಕ್ಷಿತರಿಗೆ ಕರೆಬಂದಿತು. ಅದಾದೊಡನೆ ಅವರ ಸಂಪುಟವು ಆ ದೇಶದ ಐಟ್ಯೂನ್ಸ್ ಮಾರಾಟದ ಪಟ್ಟಿಯಲ್ಲಿ ವಿಶ್ವಸಂಗೀತವೆಂಬ ವಿಭಾಗದ ತುದಿಗೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿಯೂ ಗ್ಲಾಸ್ಟನ್‌ಬರಿಯ ಉತ್ಸವದ ವೇದಿಕೆಯೂ ದೊರಕಿದುವು. ಈ ಕೀರ್ತಿಗೆ ಕನ್ನಡಿಗರು ಹಿಗ್ಗಿದುದು ಉಚಿತವೇ. ಆದರೆ ವಿಮರ್ಶಕನು ಒಂದು ಭೇದವನ್ನು ಮಾಡಲೇಬೇಕು. ಲಂಡನಿನ ಸಭಿಕರು ಕೇಳಿದುದು ಧಾತುವನ್ನು ಮಾತ್ರ. ಷರೀಫರ ಮಾತು ಅವರ ಪಾಲಿಗೆ ಇಂಪಾದ ನಾದ. ಗುಡುಗುಡಿಯೆಂದರೆ ಹುಕ್ಕವೋ ಮೋಡದ ಸದ್ದೋ ಅವರು ಅರಿಯರು. ಅವರ ಚಪ್ಪಾಳೆಯು ಪ್ರಾಮಾಣಿಕವಾದದ್ದಾದರೂ ಅರ್ಧ ಕೃತಿಗೆ ಸಂದದ್ದು. ಉಳಿದರ್ಧದ ಬೆಲೆಯನ್ನು ಕಟ್ಟಬಲ್ಲವರು ಕನ್ನಡ ಬಲ್ಲವರೇ. ಅವರೂ ಹೊರಗಿನ ಚಪ್ಪಾಳೆಯನ್ನು ಕೇಳಿ ತಮ್ಮ ಕೈಗಳನ್ನು ಸೇರಿಸಿದರೆ ಹಾಡುಗಾರನಿಗೆ ಉಪಕಾರವಾಗುವುದಿಲ್ಲ. 2016ರಲ್ಲಿ ಸ್ವೀಡನ್ನಿನ ಅಕಾಡೆಮಿಯು ಸಾಹಿತ್ಯದ ನೊಬೆಲ್ ಬಹುಮಾನವನ್ನು ಅಮೆರಿಕದ ಹಾಡುಗಾರ ಬಾಬ್ ಡಿಲನ್ನರಿಗೆ ಕೊಟ್ಟಾಗ ಪಂಡಿತರಲ್ಲಿ ಚರ್ಚೆಯೆದ್ದಿತು. ಪರ ವಿರೋಧ ಏನೇ ಇರಲಿ, ಅಲ್ಲಿ ತೂಗಿದುದು ಮಾತನ್ನು. ಗಿಟಾರು ಹಿಡಿದವನ ಮಾತು ಸಾಹಿತ್ಯವಾಗಬಹುದೆಂದು ಒಪ್ಪಿದ ಲೋಕದಲ್ಲಿ, ಕನ್ನಡದ ಗಿಟಾರಿಗನನ್ನೂ ಮಾತಿನ ಬಗ್ಗೆ ವಿಚಾರಿಸುವುದು ನ್ಯಾಯವೇ ಸರಿ.

ಹಾಗೆ ವಿಚಾರಿಸಿದಾಗ ಹಿಂದಿ, ಇಂಗ್ಲಿಷು ಹಾಡುಗಳ ಗುಂಪು ಸ್ವಲ್ಪ ಬಡವಾಗಿಯೇ ಕಾಣುವುದು. ಮೈಸೂರಿನಿಂದ ಬಂದ ಹುಡುಗಿಯನ್ನು ಕೊಂಡಾಡುವ ಹಿಂದಿಯ ಹಾಡು ಕುಣಿಸುತ್ತದೆ, ಮೆರೆಸುತ್ತದೆ. ಕುಣಿತ ನಿಂತ ಮೇಲೆ ಕೈಯಲ್ಲಿ ಉಳಿಯುವುದು ಹುಡುಗಿಯ ಊರಿನ ಹೆಸರೊಂದೇ. ಆ ಊರಿನ ಒಂದು ಬೀದಿ, ಒಂದು ಮರ, ಒಂದು ಸಂಜೆಯಾದರೂ ಮಾತಿನಲ್ಲಿ ಇದ್ದಿದ್ದರೆ! ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿರುವವನ ಇಂಗ್ಲಿಷ್ ಹಾಡು ಹಾಗಲ್ಲ. ಕಂಪೆನಿಗಳ ಬಾಗಿಲಲ್ಲಿ ನಿಂತವನ ಅನುಭವವು ಅದರ ಹಿಂದೆ ಇರುವುದರಿಂದ ಆ ಸರಳ ಮಾತಿಗೂ ತೂಕ ಬಂದಿದೆ. ಆದರೆ ಅದು ಕನ್ನಡದಲ್ಲಿ ಇಲ್ಲ. ಇದ್ದಿದ್ದರೆ, ಊರು ಬಿಟ್ಟು ಪಟ್ಟಣದಲ್ಲಿ ಅದೃಷ್ಟವನ್ನು ಕಾದುನಿಂತ ಎಷ್ಟೋ ಹುಡುಗರ ಬಾಯಿಗೆ ಅದು ಹಾಡಾಗುತ್ತಿತ್ತು.

ಈ ನಡುವೆ ಸಿನಿಮಾವೂ ಕರೆಯಿತು. 2008ರ ‘ಸೈಕೋ’ ಚಿತ್ರಕ್ಕೆ ಸಂಗೀತವನ್ನು ಕೊಟ್ಟು ಅವರು ಹಾಡಿದ ಮಾದೇಶ್ವರನ ಹಾಡು ಚಿತ್ರಕ್ಕಿಂತ ಹೆಚ್ಚು ಕಾಲ ಬಾಳಿತು. 2010ರ ‘ಜಸ್ಟ್ ಮಾತ್ ಮಾತಲ್ಲಿ’, 2020ರ ‘ಲವ್ ಮಾಕ್‌ಟೇಲ್’, 2021ರ ‘ನಿನ್ನ ಸನಿಹಕೆ’ ಇವುಗಳಲ್ಲಿ ಮೃದುವಾದ, ಮನೆಯವರೆಲ್ಲ ಕೂಡಿ ಕೇಳಬಹುದಾದ ಹಾಡುಗಳುಂಟು. ಹಿಂದಿಯ ಚಿತ್ರಗಳಿಗೂ ಸಂಗೀತವನ್ನು ಒದಗಿಸಿದ್ದಾರೆ. ಸಿನಿಮಾಕ್ಕೆ ಹೋದುದೇ ತಪ್ಪೆಂದು ಹೇಳುವುದು ಬಡಾಯಿಯ ಮಾತು. ತಂಡವನ್ನು ಸಾಕಬೇಕಾದವನ ಕಷ್ಟವು ಟೀಕಿಸುವವನಿಗೆ ತಿಳಿಯದು. ಆದರೆ ಪರಿಣಾಮವನ್ನು ಗುರುತಿಸಬೇಕು. ಸ್ವಾತಂತ್ರ್ಯದಲ್ಲಿ ಎರಡು ಬಗೆ: ಒಂದು, ಯಾರ ಅಪ್ಪಣೆಗೂ ಕಾಯದೆ ಹಾಡುವುದು, ಇನ್ನೊಂದು, ತನ್ನ ಮಾತನ್ನು ತಾನೇ ಆಡುವುದು. ಮೊದಲನೆಯದನ್ನು ದೀಕ್ಷಿತರು ಬಹಳ ಕಷ್ಟಪಟ್ಟು ಗೆದ್ದರು. ಕನ್ನಡದಲ್ಲಿ ಅವರ ಹಿಂದೆ ಬಂದ ತಂಡಗಳ ಹುಡುಗರಿಗೆ ಆ ಗೆಲವಿನಿಂದ ದಾರಿ ಸುಗಮವಾಯಿತು. ಎರಡನೆಯದರ ವಿಷಯದಲ್ಲಿ ಅವರು ಷರೀಫರ ಬೆನ್ನ ಹಿಂದೆ ನಿಂತರು. ಸಿನಿಮಾಕ್ಕೆ ಹೋದಾಗ ಸನ್ನಿವೇಶವು ಬೇಡಿದ ಮಾತಿಗೆ ಧಾತು ಕೊಡುವವರಾದರು. ಶಾರ್ಙ್ಗದೇವನು ತಕ್ಕಡಿ ಹಿಡಿದರೆ ಅವರನ್ನು ಮಧ್ಯಮರಲ್ಲಿ ಅಗ್ರಗಣ್ಯರೆಂದಾನು. ಅದು ಕಡಮೆಯ ಸ್ಥಾನವಲ್ಲ. ಆದರೆ ಅವರ ಶಕ್ತಿಗೆ ತಕ್ಕ ಸ್ಥಾನವೂ ಅಲ್ಲ.

ಮಾತು ತನ್ನದೇ ಆಗಿರಬೇಕೆಂಬ ಹಟವನ್ನು ಹಿಡಿದವರು ಇಂದು ಬೇರೆ ಮನೆಯಲ್ಲಿದ್ದಾರೆ. ಮೈಸೂರಿನಿಂದಲೇ ಹೊರಟ ‘ಸ್ವರಾತ್ಮ’ ತಂಡದ ವಾಸು ದೀಕ್ಷಿತರು ಹಾಡಿನಲ್ಲಿ ನೆಲ ಜಲಗಳ ವಿಚಾರವನ್ನು ಎತ್ತಿದರು. ಪ್ರಾಸದ ಸರಮಾಲೆಯನ್ನು ತಾಳಕ್ಕೆ ಹೊಂದಿಸಿ ನುಡಿಯುವ ರ‍್ಯಾಪ್ ಎಂಬ ಪದ್ಧತಿಯ ಯುವಕರು ಹಳ್ಳಿ, ಕೆಲಸ, ಜಾತಿ, ಪ್ರೇಮ ಎಲ್ಲವನ್ನೂ ತಮ್ಮ ತಮ್ಮ ಊರಿನ ಕನ್ನಡದಲ್ಲಿ ನಿಸ್ಸಂಕೋಚವಾಗಿ ಆಡುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರ ಧಾತು ತೆಳುವಾದದ್ದು, ಒಮ್ಮೊಮ್ಮೆ ಇಲ್ಲವೇ ಇಲ್ಲ. ಸಂಗೀತರತ್ನಾಕರದ ಲೆಕ್ಕದಲ್ಲಿ ಅಧಮ ವರ್ಗಕ್ಕೆ ಸೇರಬೇಕಾದವರು. ಆದರೂ ಅವರ ಮಾತಿನಲ್ಲಿ ಇಂದಿನ ದಿನವು ಉಸಿರಾಡುತ್ತಿದೆ. ದೀಕ್ಷಿತರ ಧಾತುವಿಗೆ ದೊರೆಯದೆ ಹೋದುದು ಇದೇ ಉಸಿರು. ಷರೀಫರು ತಮ್ಮ ಕಾಲದಲ್ಲಿ ಕಣ್ಣಿಗೆ ಬಿದ್ದುದನ್ನೆಲ್ಲ, ಹುಕ್ಕವನ್ನೂ ಮಾಳಿಗೆಯನ್ನೂ ಕೋಳಿಯನ್ನೂ, ಪದವಾಗಿಸಿದರು. ಆ ಪದಗಳನ್ನು ಹಾಡುವವನು ಅವರಿಂದ ಕಲಿಯಬಹುದಾದುದು ಪದಗಳನ್ನಷ್ಟೇ ಅಲ್ಲ, ಆ ಕಣ್ಣನ್ನೂ. ಸಿಮೆಂಟು ಕಾರ್ಖಾನೆಯ ಧೂಳಿನ ಅಮ್ಮಸಂದ್ರದಲ್ಲಿ, ನುಸಿಪೀಡೆಗೆ ಸೊರಗಿದ ತೆಂಗಿನ ತೋಟಗಳಲ್ಲಿ, ಬತ್ತಿದ ಕೊಳವೆಬಾವಿಗಳ ಬಳಿ ಇಂದು ಒಂದು ತತ್ತ್ವಪದ ಹುಟ್ಟಬೇಕಾದರೆ ಅದರ ರೂಪಕಗಳಿಗೇನೂ ಬರವಿಲ್ಲ.

2023ರ ಜನವರಿಯಲ್ಲಿ ಬಂದ ‘ಆರ್ಕೆಸ್ಟ್ರಾ ಮೈಸೂರು’ ಎಂಬ ಚಿತ್ರಕ್ಕೆ ದೀಕ್ಷಿತರು ಸಂಗೀತವನ್ನು ಕೊಟ್ಟಿದ್ದಾರೆ. ಹಾಡುಗಳ ಮಾತು ನಟರಾದ ಧನಂಜಯರದು. ಅನ್ಯರ ಹಾಡುಗಳನ್ನು ಹಾಡುವ ಆರ್ಕೆಸ್ಟ್ರಾಗಳೆಂದರೆ ದಸರೆಯ ಊರಿನ ಸಾಮಾನ್ಯರ ಸಂಗೀತಶಾಲೆ. ಆ ವೇದಿಕೆಯ ಮೇಲೆ ಒಮ್ಮೆ ನಿಂತು ಹಾಡಬೇಕೆಂಬ ಯುವಕನ ಆಸೆಯೇ ಅಲ್ಲಿಯ ಕಥೆ. ಧಾತುವಿನಲ್ಲಿ ಗಿಟಾರಿನ ಆಟೋಪವು ತಗ್ಗಿದೆ, ಊರಿನ ಗದ್ದಲಕ್ಕೆ ಎಡೆ ದೊರಕಿದೆ. ಮಾತಿನಲ್ಲಿಯೂ ಮೈಸೂರು ಬರಿಯ ಹೆಸರಾಗಿ ಉಳಿದಿಲ್ಲ. ಮಾತು ಧಾತುಗಳ ಒಡೆಯರು ಇಲ್ಲಿಯೂ ಇಬ್ಬರೇ, ನಡುವೆ ನಿಂತಿರುವುದು ಸಿನಿಮಾವೇ. ಆದರೆ ಹದಿನೈದು ವರ್ಷಗಳ ಹಿಂದೆ ಮೈಸೂರಿನಿಂದ ಬಂದ ಹುಡುಗಿಯನ್ನು ಹಿಂದಿಯಲ್ಲಿ ಹಾಡಿದ ಗಂಟಲು, ಆ ಊರನ್ನು ಈಗ ಕನ್ನಡದಲ್ಲಿ ಹಾಡುತ್ತಿದೆ.